ಕ್ಯಾರವಾನ್ ಎಳೆಯುವ ಎಲೆಕ್ಟ್ರಿಕ್ ಕಾರು

ಪ್ರಶ್ನೆ: ಬ್ರಿಟನ್ನಿನಲ್ಲಿ ಎಲೆಕ್ಟ್ರಿಕ್ ಕಾರಿನ ಹಿಂದೆ ಕ್ಯಾರವಾನ್ (ಗಾಲಿಗಳ ಮೇಲಿನ ಪ್ರವಾಸದ ಮನೆ) ಕಟ್ಟಿಕೊಂಡು ಪ್ರವಾಸ ಹೊರಟರೆ, ಒಂದು ಚಾರ್ಜಿಗೆ ಓಡುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಏಕೆ?

ತೂಕಕ್ಕಿಂತ ಹೆಚ್ಚಾಗಿ ಗಾಳಿಯಿಂದ. ತೂಕ ಮುಖ್ಯವಾಗಿ ಕಾಡುವುದು ವೇಗ ಹಿಡಿಯುವಾಗ, ಏರು ಹತ್ತುವಾಗ. ಇಳಿಜಾರಿನಲ್ಲಿ ಅದರ ಸ್ವಲ್ಪ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಗಾಳಿಗೆ ತೆತ್ತದ್ದು ಮರಳುವುದಿಲ್ಲ. ನುಣುಪಾದ ಕಾರಿನ ಹಿಂದೆ ಅದಕ್ಕಿಂತ ಎತ್ತರದ, ಅಗಲದ ಪೆಟ್ಟಿಗೆ ಸೇರಿದರೆ, ಎದುರುಗಾಳಿಯಲ್ಲಿ ಕೊಡೆ ಬಿಚ್ಚಿ ಹಿಡಿದು ಸೈಕಲ್ ತುಳಿದಂತೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಬ್ರಿಟನ್ನಿನ ಮೋಟರ್‌ವೇ ಹೆದ್ದಾರಿಗಳಲ್ಲಿ ಕ್ಯಾರವಾನ್ ಎಳೆಯುವವರಿಗೆ ಗಂಟೆಗೆ ಸುಮಾರು 96 ಕಿ.ಮೀ. ಮಿತಿಯಿದೆ. ವೇಗವನ್ನು 80ಕ್ಕೆ ಇಳಿಸಿದರೆ ಸಾಕು, ಈ ತಡೆ ಶೇ. 30ರಷ್ಟು ತಗ್ಗುತ್ತದೆ.

ಪೆಟ್ರೋಲ್ ಕಾರಿಗೂ ಇದೇ ಪಾಡು, ಆದರೆ ಅದರ ಟ್ಯಾಂಕ್ ಐದು ನಿಮಿಷದಲ್ಲಿ ತುಂಬುತ್ತದೆ. ಎಲೆಕ್ಟ್ರಿಕ್ ಕಾರು ಚಾರ್ಜಾಗಲು ಹೆಚ್ಚು ಹೊತ್ತು ಬೇಕು. ಮೇಲಾಗಿ ಹಲವು ಚಾರ್ಜಿಂಗ್ ಕೇಂದ್ರಗಳಲ್ಲಿ ಕಾರಿಗಷ್ಟೇ ಜಾಗವಿದ್ದು, ಕ್ಯಾರವಾನನ್ನು ಬಿಚ್ಚಿಟ್ಟು ಬರಬೇಕು. ನನಗೆ ಇದೇ ದೊಡ್ಡ ಅಡ್ಡಿಯಾಗಿ ಕಾಣುತ್ತದೆ. ಉದ್ದದ ವಾಹನಗಳು ನೇರ ಹಾದುಹೋಗುವಂಥ ತಾಣಗಳು ತುರ್ತಾಗಿ ಬೇಕು.

ಇನ್ನೊಂದು ದಾರಿ, ಕ್ಯಾರವಾನಿಗೇ ಬ್ಯಾಟರಿ, ಮೋಟಾರು ಕೊಡುವುದು. ಆಗ ಅದು ತನ್ನ ಭಾರವನ್ನು ತಾನೇ ತಳ್ಳಿಕೊಳ್ಳುತ್ತದೆ. ಜರ್ಮನಿಯ ಡೆತ್‌ಲೆಫ್ಸ್ ಕಂಪನಿಯ ಇಂಥ ಮಾದರಿಯೊಂದು 2021ರಲ್ಲಿ ಎಲೆಕ್ಟ್ರಿಕ್ ಕಾರಿನ ಹಿಂದೆ ಆಲ್ಪ್ಸ್ ದಾಟಿ, ನಡುವೆ ಚಾರ್ಜ್ ಮಾಡದೆ ಇಟಲಿಯ ಗಾರ್ಡಾ ಸರೋವರ ಮುಟ್ಟಿತು.