ಯುಸೇಬಿಯೊ: ಪರನಾಡಿನಲ್ಲಿ ಪಡೆದ ಕೀರ್ತಿ

ಆಫ್ರಿಕದ ಆಟಗಾರರಿಲ್ಲದ ದೊಡ್ಡ ಕಾಲ್ಚೆಂಡು ತಂಡವೊಂದನ್ನು ಇಂದಿನ ಯುರೋಪಿನಲ್ಲಿ ಹುಡುಕುವುದು ಕಷ್ಟ. ಈ ಹಾದಿಯನ್ನು ಸವೆಸಿದ ಹಿರಿಯರಲ್ಲಿ ಅಗ್ರಗಣ್ಯನಾದ ಯುಸೇಬಿಯೊನ ಜೀವಿತವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವವರು ವಿಚಾರ ಮಾಡಬೇಕಾದ ಅಂಶಗಳು ಅದರಲ್ಲಿ ಹಲವಿವೆ.

ಯುಸೇಬಿಯೊ ಜನಿಸಿದ್ದು ೧೯೪೨ರಲ್ಲಿ, ಅಂದು ಪೋರ್ತುಗೀಜರ ವಸಾಹತಾಗಿದ್ದ ಮೊಜಾಂಬಿಕಿನ ರಾಜಧಾನಿಯಲ್ಲಿ. ಲೊರೆನ್ಸೊ ಮಾರ್ಕೆಸ್ ಎಂಬ ಹೆಸರಿದ್ದ ಆ ನಗರವೇ ಈಗಿನ ಮಾಪುಟೊ. ರೈಲ್ವೆಯಲ್ಲಿ ದುಡಿಯುತ್ತಿದ್ದ ತಂದೆ ಧನುರ್ವಾಯುವಿನಿಂದ ತೀರಿಕೊಂಡಾಗ ಹುಡುಗನಿಗೆ ಎಂಟು ವರ್ಷ. ಸಂಸಾರದ ಭಾರವೆಲ್ಲ ತಾಯಿ ಎಲಿಸಾಳ ಮೇಲೆ ಬಿತ್ತು. ಚೆಂಡು ಕೊಳ್ಳಲು ಹಣವಿಲ್ಲದ ಓಣಿಯ ಹುಡುಗರು ಕಾಲುಚೀಲದೊಳಗೆ ಹಳೆಯ ವೃತ್ತಪತ್ರಿಕೆಗಳನ್ನು ತುರುಕಿ, ಅದನ್ನೇ ಬರಿಗಾಲಿನಿಂದ ಒದೆದು ಆಡುತ್ತಿದ್ದರು.

೧೯೬೦ರ ಡಿಸೆಂಬರಿನಲ್ಲಿ ಲಿಸ್ಬನ್ನಿನ ಬೆನ್ಫಿಕಾ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಆದರೆ ಊರಿನಲ್ಲಿ ಅವನು ಆಡುತ್ತಿದ್ದುದು ಲಿಸ್ಬನ್ನಿನ ಇನ್ನೊಂದು ಕ್ಲಬ್ಬಾದ ಸ್ಪೋರ್ಟಿಂಗಿನ ಶಾಖೆಗಾಗಿ. ಹುಡುಗ ತಮ್ಮವನೆಂದು ಅವರು ತಕರಾರೆತ್ತಿದರು. ಎದುರಾಳಿಗಳ ಕಣ್ಣಿಗೆ ಬೀಳದಂತೆ ದಕ್ಷಿಣ ತೀರದ ಹೋಟೆಲೊಂದರಲ್ಲಿ ಅವನನ್ನು ಅಡಗಿಸಿಡಲಾಯಿತು. ೧೯೬೧ರ ಮೇ ತಿಂಗಳವರೆಗೆ ಆಡಲು ಅವಕಾಶವಾಗಲಿಲ್ಲ. ಆ ಅಪರಿಚಿತ ನಗರದಲ್ಲಿ ಅವನಿಗೆ ಆಸರೆಯಾದವನು ಅದೇ ತಂಡದಲ್ಲಿದ್ದ ಸ್ವದೇಶದ ಹಿರಿಯ ಆಟಗಾರ ಮಾರಿಯೊ ಕೊಲುನಾ. ಮಗನನ್ನು ನೋಡಿಕೊಳ್ಳಬೇಕೆಂದು ತಾಯಿ ಆತನಿಗೆ ಕಾಗದ ಬರೆದು ಕಳುಹಿಸಿದ್ದಳು.

೧೯೬೨ರ ಯುರೋಪಿಯನ್ ಕಪ್ ಅಂತಿಮ ಪಂದ್ಯದಲ್ಲಿ ಬೆನ್ಫಿಕಾ ರಿಯಲ್ ಮಾಡ್ರಿಡ್ ತಂಡವನ್ನು ೫-೩ರಿಂದ ಸೋಲಿಸಿದಾಗ ಕೊನೆಯ ಎರಡು ಗೋಲುಗಳು ಯುಸೇಬಿಯೊನವು. ೧೯೬೫ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಅವನ ಪಾಲಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಉತ್ತರ ಕೊರಿಯಾ ಇಪ್ಪತ್ತೈದು ನಿಮಿಷಗಳಲ್ಲೇ ಪೋರ್ತುಗಲ್ಲಿನ ಮೇಲೆ ಮೂರು ಗೋಲು ಹೊಡೆಯಿತು. ಯುಸೇಬಿಯೊ ಎದೆಗುಂದದೆ ತಾನೊಬ್ಬನೇ ನಾಲ್ಕು ಗೋಲು ಹೊಡೆದನು. ಪಂದ್ಯ ೫-೩ರಿಂದ ಪೋರ್ತುಗಲ್ಲಿನದಾಯಿತು. ಇಂಗ್ಲೆಂಡಿಗೆ ಸೋತ ದಿನ ಮಾತ್ರ ಆತ ಅಳುತ್ತಲೇ ಮೈದಾನ ಬಿಟ್ಟನು. ಒಂಬತ್ತು ಗೋಲುಗಳೊಡನೆ ಆ ವಿಶ್ವಕಪ್ಪಿನಲ್ಲಿ ಅವನೇ ಅಗ್ರಸ್ಥಾನ ಪಡೆದನು.

ಆದರೆ ಈ ಕೀರ್ತಿಯ ಹಿಂದಿದ್ದ ಕಟ್ಟುಪಾಡನ್ನು ನಾವು ಮರೆಯಲಾಗದು. ಪೋರ್ತುಗೀಜರು ೧೯೬೧ರಲ್ಲಿ ಗೋವೆಯನ್ನು ಕಳೆದುಕೊಂಡರೂ ಆಫ್ರಿಕದ ವಸಾಹತುಗಳನ್ನು ಬಿಡಲಿಲ್ಲ. ೧೯೬೪ರಿಂದ ಮೊಜಾಂಬಿಕಿನಲ್ಲಿ ಸ್ವಾತಂತ್ರ್ಯದ ಸಶಸ್ತ್ರ ಹೋರಾಟ ನಡೆದಿತ್ತು. ಅದೇ ಕಾಲದಲ್ಲಿ ಸಲಜಾರನ ಸರ್ಕಾರವು, ವಸಾಹತುಗಳೂ ತಾವೂ ಒಂದೇ ರಾಷ್ಟ್ರವೆಂದು ಜಗತ್ತಿಗೆ ತೋರಿಸಲು ಯುಸೇಬಿಯೊನನ್ನು ಮುಂದಿಟ್ಟಿತು. ಇಟಲಿಯ ಶ್ರೀಮಂತ ಕ್ಲಬ್ಬುಗಳು ಕರೆದಾಗ ಸಲಜಾರ್ ತನ್ನನ್ನು ಹೋಗಗೊಡಲಿಲ್ಲವೆಂದು ಆತ ಮುಂದೆ ಹೇಳಿಕೊಂಡನು. ೧೯೬೬ರ ವಿಶ್ವಕಪ್ಪಿನಲ್ಲಿ ಉತ್ತರ ಕೊರಿಯಾಕ್ಕೆ ಸೋತ ಇಟಲಿಯು ಹೊರನಾಡಿನ ಹೊಸ ಆಟಗಾರರಿಗೆ ತನ್ನ ಬಾಗಿಲನ್ನೇ ಮುಚ್ಚಿತು. ದುಡಿಮೆಯನ್ನು ಮೆಚ್ಚುವ ಯಜಮಾನನೇ ದುಡಿಯುವವನ ದಾರಿಯನ್ನು ಕಟ್ಟುವುದು ಲೋಕದಲ್ಲಿ ಹೊಸದೇನಲ್ಲ.

ಬೆನ್ಫಿಕಾಕ್ಕಾಗಿ ೪೪೦ ಪಂದ್ಯಗಳಲ್ಲಿ ೪೭೩ ಗೋಲು ಹೊಡೆದು, ಹನ್ನೊಂದು ಲೀಗ್ ಪ್ರಶಸ್ತಿಗಳಲ್ಲಿ ಪಾಲುಗೊಂಡು, ೧೯೭೫ರಲ್ಲಿ ಆತ ಆ ಕ್ಲಬ್ಬನ್ನು ಬಿಟ್ಟನು. ಮೊಜಾಂಬಿಕ್ ಸ್ವತಂತ್ರವಾದುದೂ ಅದೇ ವರ್ಷ. ಮೊಣಕಾಲಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿದ್ದರೂ ಆತ ಅಮೆರಿಕದ ತಂಡಗಳಿಗಾಗಿ ಆಡಿ, ಕೊನೆಗೆ ಲಿಸ್ಬನ್ನಿನಲ್ಲೇ ನೆಲೆಸಿದನು. ಕೊಲುನಾ ಸ್ವದೇಶಕ್ಕೆ ಮರಳಿ ಅಲ್ಲಿನ ಕಾಲ್ಚೆಂಡು ಮಂಡಲಿಯ ಅಧ್ಯಕ್ಷನಾದನು.

೨೦೧೪ರ ಜನವರಿ ೫ರಂದು ಯುಸೇಬಿಯೊ ಲಿಸ್ಬನ್ನಿನಲ್ಲಿ ನಿಧನನಾದಾಗ ಪೋರ್ತುಗಲ್ ಮೂರು ದಿನ ಶೋಕಾಚರಣೆ ನಡೆಸಿತು. ಮರುವರ್ಷ ಅವನ ಅವಶೇಷಗಳನ್ನು ರಾಷ್ಟ್ರೀಯ ಸ್ಮಾರಕ ಭವನದಲ್ಲಿರಿಸಿತು. ಅದೇ ಫೆಬ್ರುವರಿಯಲ್ಲಿ ಕೊಲುನಾ ಮಾಪುಟೊದಲ್ಲಿ ಕಣ್ಣು ಮುಚ್ಚಿದ್ದನು. ಉಳಿದವನನ್ನು ಕೃತಘ್ನನೆಂದಾಗಲಿ, ಮರಳಿದವನನ್ನು ಸೋತವನೆಂದಾಗಲಿ ನಾವು ಹೇಳಲಾರೆವು. ಹೊಟ್ಟೆಪಾಡಿಗಾಗಿ ಒಂದೇ ದಾರಿಯಲ್ಲಿ ಹೊರಟವರು ಬೇರೆ ಬೇರೆ ಕಡೆ ನೆಲೆ ಕಾಣುವುದುಂಟು. ಆದರೆ ಹೊಸದಾಗಿ ಬಂದ ಹುಡುಗನೊಬ್ಬನ ಕೈಹಿಡಿಯಲು ಹಿರಿಯನೊಬ್ಬನಿರಬೇಕು. ನಮ್ಮ ನಡುವೆ ಇಂದು ಊರಿನಿಂದ ಬಂದಿಳಿದಿರುವ ಹುಡುಗರಿಗೂ ಅದೇ ಬೇಕಾಗಿದೆ.