ಥೈರಾಯ್ಡ್ ಸೊರಗಿದಾಗ

ಕುರ್ಚಿಯ ಮೇಲೆ ಮಂಡಿಯೂರಿ ನಿಂತವನೊಬ್ಬನ ಪಾದಗಳು ಅಂಚಿನಾಚೆಗೆ ಜೋತಿವೆಯೆಂದು ಭಾವಿಸೋಣ. ಅವನ ಹಿಮ್ಮಡಿಯ ಮೇಲಣ ಸ್ನಾಯುರಜ್ಜುವನ್ನು ವೈದ್ಯರು ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಪಾದವು ಥಟ್ಟನೆ ಹಿಂದಕ್ಕೆ ಚಿಮ್ಮಿ, ಮರುಕ್ಷಣವೇ ಸ್ವಸ್ಥಾನಕ್ಕೆ ಮರಳುತ್ತದೆ. ಥೈರಾಯ್ಡ್ ಗ್ರಂಥಿಯ ಕಾರ್ಯ ಬಹಳವಾಗಿ ಕುಂದಿದವರಲ್ಲಿಯೂ ಪಾದವು ಚಿಮ್ಮುವುದುಂಟು. ಮರಳುವುದು ಮಾತ್ರ ಹರಳೆಣ್ಣೆಯಲ್ಲಿ ಇಳಿಬಿಟ್ಟ ಲೋಲಕದಂತೆ, ಬಲು ನಿಧಾನವಾಗಿ.

ಈ ವಿಳಂಬಕ್ಕೆ ಹೊಣೆ ನರವೋ, ಸ್ನಾಯುವೋ? ನರವೆಂದೇ ಮೊದಲು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಸಂದೇಶವು ಮೀನಖಂಡದಿಂದ ಬೆನ್ನುಹುರಿಗೆ ಹೋಗಿ ಹಿಂದಿರುಗುವ ದಾರಿ ಸುಮಾರು ಒಂದೂವರೆ ಮೀಟರು. ಕಾಲಿನ ನರಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ಎಂದರೆ ಪ್ರಯಾಣಕ್ಕೆ 0.03 ಸೆಕೆಂಡು ಸಾಕು. ತಟ್ಟಿದ ಕ್ಷಣದಿಂದ ಪಾದವು ಅರ್ಧದಷ್ಟು ಮರಳುವವರೆಗೆ ಆರೋಗ್ಯವಂತರಲ್ಲಿ ಸುಮಾರು 0.3 ಸೆಕೆಂಡು ಹಿಡಿಯುತ್ತದೆ. ಈ ರೋಗದಲ್ಲಿ ಅದು ಅರ್ಧ ಸೆಕೆಂಡಿನವರೆಗೂ ಬೆಳೆಯಬಹುದು. ನರದ ವೇಗ ಅರ್ಧಕ್ಕಿಳಿಯಿತೆಂದೇ ಇಟ್ಟುಕೊಂಡರೂ ಹೆಚ್ಚುವುದು ಮತ್ತೆ 0.03 ಸೆಕೆಂಡು ಮಾತ್ರ. ಆದುದರಿಂದ ಮುಖ್ಯ ದೋಷವನ್ನು ಸ್ನಾಯುವಿನಲ್ಲಿಯೇ ಅರಸಬೇಕು.

ಸ್ನಾಯು ಸಂಕೋಚಿಸಲು ಶಕ್ತಿ ಬೇಕೆಂಬುದು ಎಲ್ಲರೂ ಬಲ್ಲ ವಿಷಯ. ಸಡಿಲಗೊಳ್ಳುವುದಕ್ಕೂ ಶಕ್ತಿ ಬೇಕೆಂಬುದನ್ನು ನಾವು ಮರೆಯುತ್ತೇವೆ. ನರದ ಆಜ್ಞೆ ಬಂದೊಡನೆ ಸ್ನಾಯುತಂತುವಿನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಅಯಾನುಗಳು ಹೊರಹೊಮ್ಮಿ ಸಂಕೋಚನವನ್ನು ಉಂಟುಮಾಡುತ್ತವೆ. ಅವನ್ನು ಚೀಲದೊಳಕ್ಕೆ ಮರಳಿ ಸೇದಿದ ಹೊರತು ಬಿಗಿತ ಬಿಡದು. ಹೀಗೆ ಸೇದುವ ಪಂಪುಗಳು ಒಂದು ಬಗೆಯ ಪ್ರೋಟೀನುಗಳು. ಅವನ್ನು ಸಾಕಷ್ಟು ತಯಾರಿಸುವಂತೆ ಜೀವಕೋಶದ ಜೀನುಗಳನ್ನು ಪ್ರೇರಿಸುವುದು ಅಯೋಡಿನ್ನನ್ನು ಒಳಗೊಂಡ ಥೈರಾಯ್ಡ್ ಹಾರ್ಮೋನು. ಹಾರ್ಮೋನು ಕಡಮೆಯಾದರೆ ಪಂಪುಗಳೂ ಕಡಮೆ. ಕ್ಯಾಲ್ಸಿಯಂ ತಡವಾಗಿ ತೊಲಗುತ್ತದೆ. ಸ್ನಾಯು ಸೆಳೆತ, ಬಿಗಿತ, ತೊಡೆ ಭುಜಗಳ ನಿಶ್ಶಕ್ತಿ ಇವೂ ಈ ರೋಗದಲ್ಲಿ ಕಾಣುತ್ತವೆ. ಮೆಟ್ಟಿಲೇರಲು ಏದುವ ಗೃಹಿಣಿಯನ್ನು ಮನೆಯವರು ಸೋಮಾರಿಯೆಂದು ಹಳಿಯುವುದುಂಟು; ಪಾಪ, ಸೋಮಾರಿತನ ಅವಳದಲ್ಲ.

ಹಾಗೆಂದು ನರಗಳು ಪೂರ್ಣ ಸುರಕ್ಷಿತವೇನಲ್ಲ. ನೀರನ್ನು ಹಿಡಿದಿಡುವ ಕೆಲವು ಪದಾರ್ಥಗಳು ಈ ರೋಗದಲ್ಲಿ ಅಂಗಾಂಶಗಳೊಳಗೆ ಶೇಖರವಾಗುತ್ತವೆ. ಮಣಿಕಟ್ಟಿನಲ್ಲಿ ಮೂಳೆ ಮತ್ತು ಗಟ್ಟಿಪಟ್ಟಿಗಳ ನಡುವಣ ಇಕ್ಕಟ್ಟಾದ ಸುರಂಗದಲ್ಲಿ ಹೀಗಾದರೆ, ಅಲ್ಲಿ ಹಾದುಹೋಗುವ ನರವು ಅದುಮಲ್ಪಡುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿಯ ವೇಳೆ ನಿದ್ದೆ ಕೆಡುವಷ್ಟು.

ವಯಸ್ಕರಲ್ಲಿ ಕಾಣುವ ಈ ರೋಗವನ್ನು ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ವರ್ಣಿಸಿದನು. 1891ರಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡಿನ ಸಾರವನ್ನು ಮಹಿಳೆಯೊಬ್ಬಳಿಗೆ ಚುಚ್ಚಿದನು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬಾಳಿದಳು! ಪಾದದ ವಿಳಂಬವನ್ನು ಅಳೆದು ರೋಗಪರೀಕ್ಷೆಗೆ ಬಳಸಬಹುದೆಂದು 1924ರಲ್ಲಿ ಚೇನಿ ತೋರಿಸಿಕೊಟ್ಟನು. ಅನಂತರ ಬೆಳಕಿನ ಕಿರಣವನ್ನು ಪಾದವು ಅಡ್ಡಗಟ್ಟುವಂತೆ ಮಾಡಿ, ದ್ಯುತಿಕೋಶದಿಂದ ಕಾಲವನ್ನು ದಾಖಲಿಸುವ ಯಂತ್ರಗಳೂ ಬಂದವು. ಭೌತವಿಜ್ಞಾನದವರಾದ ನಮಗೆ ಅದು ಹೆಮ್ಮೆಯ ಮಾತೇ. ಆದರೆ ಮುಪ್ಪು, ಚಳಿ, ಕೆಲವು ಔಷಧಿಗಳೂ ಪಾದವನ್ನು ನಿಧಾನಗೊಳಿಸುವುದರಿಂದ ಇಂದು ರಕ್ತಪರೀಕ್ಷೆಯೇ ಪ್ರಮಾಣ.

ಕೊರತೆ ಖಚಿತವಾದರೆ ವೈದ್ಯರು ಥೈರಾಕ್ಸಿನ್ ಗುಳಿಗೆಯನ್ನು ದಿನವೂ ಸೇವಿಸಲು ಹೇಳುತ್ತಾರೆ. ಪಾದವು ಕ್ರಮೇಣ ತನ್ನ ಹಳೆಯ ಚುರುಕನ್ನು ಪಡೆಯುತ್ತದೆ. ತೊಡೆಗಳ ಬಲ ಪೂರ್ತಿಯಾಗಿ ಮರಳಲು ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ.