ಕಿವಿ ಮಂದವಾದರೆ ವಿಟಮಿನ್ ಗುಳಿಗೆ ಸಾಕೇ?

ಮನೆಯ ಹಿರಿಯರು ಒಂದೇ ಮಾತನ್ನು ಎರಡೆರಡು ಸಲ ಕೇಳತೊಡಗಿದರೆ ನಾವೇನು ಹೇಳುತ್ತೇವೆ? "ನಿಶ್ಶಕ್ತಿ ಇರಬೇಕು, ಒಂದು ವಿಟಮಿನ್ ಗುಳಿಗೆ ತರಿಸಿ" ಅಂತ. ನಮ್ಮ ಬೀದಿಯ ಅಜ್ಜಿಯೊಬ್ಬರು ಹೀಗೇ ತಿಂಗಳುಗಟ್ಟಲೆ ಗುಳಿಗೆ ನುಂಗಿದರು. ಕೊನೆಗೆ ಡಾಕ್ಟರು ನೋಡಿದರೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು!

ಹಾಗಾದರೆ ವಿಟಮಿನ್‌ಗೂ ಕಿವಿಗೂ ಸಂಬಂಧವೇ ಇಲ್ಲವೆ? ಉಂಟು, ಆದರೆ ಸ್ವಲ್ಪ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿಯಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ಶಬ್ದಕ್ಕೆ ಇವು ಅಲುಗಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಯಾವ ಗುಳಿಗೆಯೂ ಅವನ್ನು ಹುಟ್ಟಿಸದು. ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ ನಮ್ಮ ಕೈಲಿದೆ.

ಹಾಲೆಂಡಿನಲ್ಲಿ ನಡೆದ ಪರೀಕ್ಷೆಯೊಂದರ ಫಲ 2007ರಲ್ಲಿ ಪ್ರಕಟವಾಯಿತು. ವಯಸ್ಸಾದ 728 ಜನರಲ್ಲಿ ಕೆಲವರಿಗೆ ಮೂರು ವರ್ಷ ದಿನಕ್ಕೆ 800 ಮೈಕ್ರೊಗ್ರಾಂ ಫೋಲಿಕ್ ಆಮ್ಲ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಫೋಲಿಕ್ ಆಮ್ಲ ತೆಗೆದುಕೊಂಡವರಿಗೆ ತಗ್ಗು ಸ್ವರ ಕೇಳುವ ಶಕ್ತಿ ಕುಗ್ಗುವುದು ನಿಧಾನವಾಯಿತು. ಎಷ್ಟು? ಬರೀ 0.7 ಡೆಸಿಬೆಲ್! ಏರು ಸ್ವರದಲ್ಲಿ ಅಷ್ಟೂ ಇಲ್ಲ.

ಅಡುಗೆಮನೆಯಲ್ಲೇ ಇದೆ

ಫೋಲಿಕ್ ಆಮ್ಲದ ಜಾತಿಯ ವಿಟಮಿನ್ ಪಾಲಕ್, ಹೆಸರುಕಾಳು, ಕಡಲೆಯಲ್ಲಿ ಧಾರಾಳವಾಗಿದೆ. ಅದು ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಬಸ್ಸಾರು ಮಾಡಿ. ನರಗಳಿಗೆ ಬೇಕಾದ ಬಿ-12 ಮಾತ್ರ ಸೊಪ್ಪು, ಕಾಳುಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇದು ಕಡಿಮೆಯಾಗಬಹುದು. ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳಲಿ.

ಅತಿಯಾದರೆ ವಿಷ

ಬಿ-12 ಕಡಿಮೆಯಿದ್ದಾಗ ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತಹೀನತೆ ಮಾಯವಾದಂತೆ ಕಂಡರೂ ಒಳಗೊಳಗೇ ನರಗಳು ಹಾಳಾಗುತ್ತಿರಬಹುದು. ಬಸುರಿಯರಿಗೆ ವಿಟಮಿನ್ 'ಎ' ಅತಿಯಾದರೆ ಮಗುವಿನ ಅಂಗರಚನೆಗೇ ಧಕ್ಕೆ. ಅಕ್ಕಪಕ್ಕದವರ ಮಾತು ಕೇಳಿ ಗುಳಿಗೆ ತರಿಸಬೇಡಿ.

ಇದನ್ನು ಮರೆಯಬೇಡಿ

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಟಾನಿಕ್ ಕುಡಿಸುತ್ತಾ ಕಾಯಬೇಡಿ. ಅವತ್ತೇ ಕಿವಿಯ ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಶುರುವಾದರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು. ವಾರಗಳು ಕಳೆದರೆ ಕಷ್ಟ.

ನಿಧಾನವಾಗಿ ಮಂದವಾಗುತ್ತಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಜೊತೆಗೆ ಕಿವಿಗೆ ಹೊಂದುವ ಯಂತ್ರವನ್ನೂ ಸೂಚಿಸುತ್ತಾರೆ. ಕನ್ನಡಕ ಹಾಕಿಕೊಳ್ಳಲು ನಾಚದವರು ಕಿವಿಯ ಯಂತ್ರಕ್ಕೇಕೆ ನಾಚಬೇಕು?

ಅಲ್ಲಿಯವರೆಗೆ ಹಿರಿಯರ ಮೇಲೆ ರೇಗಬೇಡಿ. ಒಳಗಿನಿಂದ ಕೂಗದೆ, ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಮಾತಾಡಿ. ಇದಕ್ಕೆ ಖರ್ಚೇನೂ ಇಲ್ಲ.